ಕಳುವಾದ ಪೀಜೋ

"ನಿಲ್ಲಿಸಿ! ಕಾರು ನಿಲ್ಲಿಸಿ!"

ನಿಲ್ಲಿಸುವುದೇನು ಬಂತು? ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಆ ಸಂಜೆಯ ಜಾಮ್‌ನಲ್ಲಿ ಅರ್ಧ ಗಂಟೆಯಿಂದ ಒಂದು ಗಾಡಿಯೂ ಅಲುಗಾಡಿರಲಿಲ್ಲ. ಆದರೂ ಹಿಲ್ಡಾ ಬಾಡಿಗೆ ವ್ಯಾನಾದ ಮಟಾಟುವಿನಿಂದ ಧುಮುಕಿ, ಎರಡು ಲಾರಿಗಳ ನಡುವೆ ನುಸುಳಿ, ಆ ಹಸಿರು ಪೀಜೋ ಕಾರಿನ ಬಾನೆಟ್ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟಳು.

ಕೆ.ಎಲ್.ಟಿ. 318... ಅದೇ ನಂಬರು! ಬಲಗಡೆಯ ದೀಪದ ಕೆಳಗೆ ಅದೇ ತಗ್ಗು!

ಸ್ಟಿಯರಿಂಗ್ ಹಿಂದೆ ಕುಳಿತಿದ್ದ ಕನ್ನಡಕದ ಯುವಕ ಗಾಬರಿಯಿಂದ ತಲೆ ಹೊರಹಾಕಿದ. "ಇದೇನಪ್ಪಾ ಗ್ರಹಚಾರ!" ಎಂದು ತನ್ನಷ್ಟಕ್ಕೇ ಗೊಣಗಿದ್ದು ಅವಳ ಕಿವಿಗೆ ಬಿತ್ತು. ಕನ್ನಡ! ಹಿಲ್ಡಾ ಹುಟ್ಟಿದ್ದು ನೈರೋಬಿಯಲ್ಲಾದರೂ ಮಂಗಳೂರಿನ ಅಜ್ಜಿಯ ಮನೆಯಲ್ಲಿ ಐದು ವರ್ಷ ಓದಿದವಳು.

"ಗ್ರಹಚಾರ ನಿಮ್ಮದೇ! ಇದು ನಮ್ಮ ಕಾರು. ಏಳು ವರ್ಷದ ಹಿಂದೆ, ಎಂಬತ್ತೈದರಲ್ಲಿ ಕಳುವಾಗಿದ್ದು!"

"ನಮ್ಮ ಅಂದ್ರೆ... ಯಾರದು?"

"ಸೌತ್ ಬಿ ಬಡಾವಣೆಯ ಹ್ಯೂಬರ್ಟ್ ಲೋಬೋ ಅವರದು. ನಾನು ಅವರ ಮಗಳು ಹಿಲ್ಡಾ."

ಅವನ ಮುಖ ಬಿಳಿಚಿಕೊಂಡಿತು. ಅದು ಬರೀ ಭಯವಾಗಿದ್ದರೆ ಅವಳಿಗೆ ಅಷ್ಟು ಅನುಮಾನ ಬರುತ್ತಿರಲಿಲ್ಲ. ಅವನು ಆ ಹೆಸರನ್ನು ಮೊದಲೇ ಕೇಳಿದವನಂತೆ, ಎಂದೋ ಬರಬೇಕಾಗಿದ್ದ ಕಷ್ಟ ಇವತ್ತು ಬಂದೇಬಿಟ್ಟಿತೆಂಬಂತೆ ಅವಳನ್ನು ನೋಡಿದ!

"ಇದನ್ನ ಕದ್ದಿಲ್ಲ ಹಿಲ್ಡಾ ಅವರೇ. ಇದು ನಂಗೆ ಸರಿಯಾದ ದಾರೀಲೇ ಬಂತು."

"ಯಾರಿಂದ?"

"ಅದನ್ನ... ಹೇಳೋ ಹಾಗಿಲ್ಲ."

ಹಿಂದಿನ ಲಾರಿ ಹಾರ್ನ್ ಬಾರಿಸಿತು. ಜಾಮ್ ಸಡಿಲವಾಗಿತ್ತು. ಅವನು ಗಡಿಬಿಡಿಯಿಂದ ಹೇಳಿದ. "ನನ್ನ ಹೆಸರು ಅನಂತ್. ಆ ಮೂಲೆಯ ಸೋಪ್ ಫ್ಯಾಕ್ಟರೀಲಿ ಎಂಜಿನಿಯರ್. ಮೂರು ತಿಂಗಳಾಯ್ತು, ಥೀಕಾದಿಂದ ಟ್ರಾನ್ಸ್‌ಫರ್ ಆಗಿ. ಓಡಿಹೋಗಲ್ಲ, ಯಾವಾಗ ಬೇಕಾದ್ರೂ ಬನ್ನಿ."

ಕಾರು ಮುಂದೆ ಹೋಯಿತು. ಹೊಗೆಯ ನಡುವೆ ಹಿಲ್ಡಾ ನಿಂತೇ ಇದ್ದಳು.

ಯಾರಿಗೂ ಹೇಳಿಕೊಳ್ಳದ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕುಳಿತಿತ್ತು. ಎಂಬತ್ತೈದರ ಆ ಶನಿವಾರ ಸಂಜೆ, ಇಪ್ಪತ್ತರ ಹುಡುಗಿ ಹಿಲ್ಡಾ, ಇಗರ್ಜಿಯ ಹಾಡಿನ ಅಭ್ಯಾಸ ಮುಗಿಸಿ ಅದೇ ಕಾರಿನಲ್ಲಿ ಮನೆಗೆ ಬಂದಿದ್ದಳು. ಅದರ ಹಿಂದಿನ ಬಾಗಿಲಿಗೆ ಬೀಗ ಹಾಕಲು ಮರೆತಿದ್ದಳು. ಬೆಳಗ್ಗೆ ಗೇಟಿನ ಮುಂದೆ ಕಾರಿರಲಿಲ್ಲ.

'ಕದ್ದೊಯ್ದರು' ಎಂದಿದ್ದರು ಡ್ಯಾಡಿ. ಅಷ್ಟೇ. ಪೊಲೀಸರ ಬಳಿಗೂ ಹೋಗಲಿಲ್ಲ. 'ಹೋಗಿ ಏನು ಪ್ರಯೋಜನ?' ಎಂದು ಸುಮ್ಮನಾದರು. ಪ್ರತಿ ಡಿಸೆಂಬರಿನಲ್ಲಿ ಮೊಂಬಾಸದ ಸಮುದ್ರಕ್ಕೆ ಕುಟುಂಬವನ್ನು ಕರೆದೊಯ್ಯುತ್ತಿದ್ದ ಕಾರು, ಮಮ್ಮಿ ಹಾಡು ಹೇಳುತ್ತಿದ್ದ ಕಾರು... ತನ್ನ ಮರೆವಿನಿಂದ ಹೋಯಿತೆಂದು ಅವಳು ಕೊರಗಿದ್ದಳು. ಆಮೇಲೆ ಯಾವ ಕಾರಿನ ಸ್ಟಿಯರಿಂಗೂ ಮುಟ್ಟಿರಲಿಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ ಹೇಳಿದಳು. "ಡ್ಯಾಡಿ, ಇವತ್ತು ನಮ್ಮ ಪೀಜೋ ತರಹದ್ದೇ ಒಂದು ಕಾರು ನೋಡಿದೆ."

ಹ್ಯೂಬರ್ಟ್ ಅವರ ಕೈಯಲ್ಲಿದ್ದ ಚಮಚ ಅರ್ಧದಲ್ಲೇ ನಿಂತಿತು. "ನೈರೋಬೀಲಿ ಅಂಥ ಕಾರು ನೂರಿವೆ, ಬಾಯೆ," ಎಂದರು, ಮಗಳನ್ನು ಕೊಂಕಣಿಯಲ್ಲಿ ಮುದ್ದಾಗಿ ಕರೆದು.

"ಕಿತೆಂ ಜಾಲೆಂ?" ಮಮ್ಮಿ ಫಿಲೋಮಿನಾ ಅಡುಗೆಮನೆಯಿಂದ ಕೊಂಕಣಿಯಲ್ಲಿ ಕೇಳಿದರು, ಏನಾಯಿತೆಂದು.

"ಏನಿಲ್ಲ!" ಅಪ್ಪ ಮಗಳಿಬ್ಬರೂ ಒಟ್ಟಿಗೇ ಹೇಳಿದರು.

ಮರುದಿನವೇ ಹಿಲ್ಡಾ ಸೋಪ್ ಫ್ಯಾಕ್ಟರಿಗೆ ಹೋದಳು. ಅವಳು ಪಕ್ಕದ ಬೀದಿಯ ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಣ್ಣದ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಕಾರಿನ ಬಾಗಿಲಿನ ಸಂದಿಯಲ್ಲಿ ಉಗುರಿನಿಂದ ಕೆರೆದಳು. ಹಸಿರಿನ ಕೆಳಗೆ ತಮ್ಮ ಕಾರಿನ ಆ ಹಳೆಯ ಕೆನೆಬಣ್ಣ!

"ಇದರ ಮೇಲೆ ಹಸಿರು ಯಾಕೆ ಬಳಿಸಿದ್ರಿ?"

"ತುಕ್ಕು ಹಿಡಿದಿತ್ತು," ಎಂದ ಅನಂತ್, ನೆಲ ನೋಡುತ್ತಾ.

"ಸುಳ್ಳು! ತುಕ್ಕಿನ ಮೇಲೆ ಬಣ್ಣ ಹೀಗೆ ಕೂರಲ್ಲ. ಯಾರೋ ಗುರುತು ಹಿಡೀಬಾರದು ಅಂತ ಬಳಿಸಿದ್ದೀರಿ. ಪೊಲೀಸ್‌ಗೆ ಹೇಳ್ತೀನಿ."

"ಹೇಳಿ. ಆದ್ರೆ ಅದಕ್ಕೂ ಮುಂಚೆ ಮನೇಲಿ ಒಂದ್ಸಲ..." ಅವನು ಥಟ್ಟನೆ ನಾಲಿಗೆ ಕಚ್ಚಿಕೊಂಡ.

"ಮನೇಲಿ ಏನು?"

"ಏನಿಲ್ಲ. ಸಂಜೆ ಆಯ್ತು. ನಿಮ್ಮನ್ನ ಮನೆಗೆ ಬಿಡ್ಲಾ?"

ಕಾರು ಕಣ್ಣೆದುರಿದ್ದರೆ ಮಾಯವಾಗದು ಎಂದು ತನಗೆ ತಾನೇ ಹೇಳಿಕೊಂಡು ಅವಳು ಹತ್ತಿದಳು. ಮರುದಿನವೂ ಹತ್ತಿದಳು. ಮನೆಗೆ ಎರಡು ಬೀದಿ ಮೊದಲೇ ಇಳಿಯುತ್ತಿದ್ದಳು. ಹೀಗೆ ಆರು ವಾರ!

ಅವನು ಹಾರ್ನ್ ಬಾರಿಸುವವನಲ್ಲ. ಕೈಗಾಡಿ ತಳ್ಳುವವರು ಅಡ್ಡ ಬಂದರೆ ನಿಲ್ಲಿಸಿ ದಾರಿ ಕೊಡುತ್ತಿದ್ದ. ಜಾಮ್‌ನಲ್ಲಿ ಸಿಕ್ಕಿಕೊಂಡಾಗ ಕಡಲೆಕಾಯಿಯ ಪೊಟ್ಟಣ ಕೊಂಡು ದೊಡ್ಡ ಪಾಲನ್ನು ಹಿಂದಿನ ಸೀಟಿಗೆ ದಾಟಿಸುತ್ತಿದ್ದ. ಮೈಸೂರಿನಲ್ಲಿ ತಾನು ಸೈಕಲ್ ಕಲಿಯುವಾಗ ಮೇಷ್ಟ್ರ ಮೇಲೇ ಬಿದ್ದ ಕಥೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಿದ್ದಳು. ನಕ್ಕ ಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. 'ಕಳ್ಳನ ಮಾತಿಗೆ ನಗ್ತೀಯಲ್ಲೇ, ಹಿಲ್ಡಾ!'

ಒಂದು ದಿನ ರಸ್ತೆಬದಿಯ ಅಂಗಡಿಯಲ್ಲಿ ಚಹಾ ತರಲು ಹೋದವನು ಅಂಗಡಿಯವಳಿಗೆ ಹೇಳಿದ. "ಒಂದಕ್ಕೆ ಶುಂಠಿ ಬೇಡ."

ಹಿಲ್ಡಾಳ ಮೈ ಜುಮ್ಮೆಂದಿತು. ಶುಂಠಿ ತನಗಾಗದು ಎಂದು ಅವನಿಗೆ ಯಾವತ್ತೂ ಹೇಳಿರಲಿಲ್ಲ!

"ನಿಮಗೆ ಹೇಗೆ ಗೊತ್ತು?"

ಅವನು ತಡವರಿಸಿದ. "ಅದು... ಸುಮ್ನೆ ಅಂದ್ಕೊಂಡೆ."

ಯಾರಿವನು? ನಮ್ಮ ಮನೆಯನ್ನು ಎಷ್ಟು ವರ್ಷದಿಂದ ಗಮನಿಸುತ್ತಿದ್ದಾನೆ? ಇವನ ದನಿ ಕೇಳಿದರೆ ಹಾಯೆನಿಸುತ್ತದಲ್ಲ, ಅದೂ ಇವನ ಮೋಸದ ಒಂದು ಭಾಗವೇ?

"ನಾಳೆ ಕಾರು ಸಿಗಲ್ಲ ಹಿಲ್ಡಾ ಅವರೇ," ಎಂದ ಅವನು ಆ ಶುಕ್ರವಾರ. "ತಿಂಗಳ ಮೊದಲ ಶನಿವಾರ ನಂಗೊಂದು ಕೆಲಸ ಇರುತ್ತೆ."

ಏನು ಕೆಲಸ? ಹೇಳಲಿಲ್ಲ. ಶನಿವಾರ ಮಧ್ಯಾಹ್ನ ಅವಳು ಟ್ಯಾಕ್ಸಿ ಹಿಡಿದು ಅವನ ಮನೆಯ ಬೀದಿಯಿಂದಲೇ ಬೆನ್ನು ಹತ್ತಿದಳು. ಹಸಿರು ಪೀಜೋ ನಗರದ ಬಸ್ ನಿಲ್ದಾಣದ ಬಳಿ ನಿಂತಿತು. ಬೂದು ಕೋಟಿನ ಮುದುಕರೊಬ್ಬರು ಬಾಗಿಲು ತೆರೆದು, ಮನೆಯವರಂತೆ ಸಲೀಸಾಗಿ ಮುಂದಿನ ಸೀಟಿನಲ್ಲಿ ಕುಳಿತರು.

ಹಿಲ್ಡಾ ಬಾಯಿಗೆ ಕೈ ಅಡ್ಡ ಹಿಡಿದಳು.

ಡ್ಯಾಡಿ! ಚರ್ಚಿನ ಮೀಟಿಂಗ್ ಎಂದು ಮನೆಯಿಂದ ಹೊರಟಿದ್ದ ಡ್ಯಾಡಿ!

ಕಾರು ಕಸರಾನಿಯ ಸ್ಟೇಡಿಯಂ ದಾಟಿ ಒಂದು ಮರದ ಕೆಳಗೆ ನಿಂತಿತು. ಒಳಗೆ ಇಬ್ಬರೂ ನಗುತ್ತಿದ್ದರು. ಹಿಲ್ಡಾ ಟ್ಯಾಕ್ಸಿಯಿಂದಿಳಿದು ಅದರ ಮುಂದಿನ ಬಾಗಿಲು ತೆರೆದಳು.

"ಮೀಟಿಂಗ್ ಮುಗೀತಾ, ಡ್ಯಾಡಿ?"

ಅನಂತ್ ಕಣ್ಣು ಮುಚ್ಚಿಕೊಂಡ.

"ನೀವಿಬ್ಬರೂ ಸೇರಿ ನಮ್ಮನ್ನ ಏಮಾರಿಸಿದ್ರಾ? ಯಾಕೆ?"

"ಬೈಯೋದಾದ್ರೆ ನನ್ನನ್ನ ಬೈ, ಬಾಯೆ," ಎಂದರು ಹ್ಯೂಬರ್ಟ್. "ಕಾರನ್ನ ಯಾರೂ ಕದಿಯಲಿಲ್ಲ. ನಾನೇ ಇವನಿಗೆ ಕೊಟ್ಟೆ."

ಅವರು ಬಿಟ್ಟು ಬಿಟ್ಟು ಹೇಳಿದರು. ಏಳು ವರ್ಷದ ಹಿಂದಿನ ಆ ಶನಿವಾರ ಬೆಳಗ್ಗೆ ಇದೇ ರಸ್ತೆಯಲ್ಲಿ ಕಾರು ಓಡಿಸುವಾಗ ಕಣ್ಣು ಕತ್ತಲಾಗಿತ್ತು. ಎಚ್ಚರವಾದಾಗ ಕಾರು ಚರಂಡಿಯ ಅಂಚಿನಲ್ಲಿತ್ತು. ಒಬ್ಬ ಅಪರಿಚಿತ ಹುಡುಗ ಅವರ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು, ನಾಲಿಗೆ ಕಚ್ಚಿ ಸುರಿದ ರಕ್ತ ಒರೆಸುತ್ತಿದ್ದ. ಬಸ್ಸಿಗೆ ಕಾಯುತ್ತಿದ್ದ ಆ ಹುಡುಗನ ಮೇಲೆಯೇ ಕಾರು ನುಗ್ಗಿತ್ತು. ಒಂದು ಗೇಣಿನ ಅಂತರದಲ್ಲಿ ಅವನ ಪ್ರಾಣ ಉಳಿದಿತ್ತು.

"ಮೂರ್ಛೆರೋಗ ಅಂದ್ರು ಡಾಕ್ಟರು. ಸಂಜೆ ನೀನು ಅದೇ ಕಾರಲ್ಲಿ ಹಾಡ್ತಾ ಬಂದೆ. ಇದು ಊರಿಗೆ ಗೊತ್ತಾದ್ರೆ ಈ ಹುಡುಗೀನ ಯಾರು ಮದುವೆ ಆಗ್ತಾರೆ ಅಂತ ಹೆದರಿಬಿಟ್ಟೆ. ಕಾರಿದ್ರೆ ಓಡಿಸ್ಬೇಕು, ಓಡಿಸಲ್ಲ ಅಂದ್ರೆ ಕಾರಣ ಹೇಳ್ಬೇಕು. ಬೆಳಗಿನ ಜಾವ ಕಾರು ತಗೊಂಡು ಇವನ ರೂಮಿಗೆ ಹೋದೆ. ಬಣ್ಣ ಬದಲಾಯಿಸು, ಸತ್ರೂ ಯಾರಿಗೂ ಹೇಳ್ಬೇಡ ಅಂತ ಆಣೆ ತಗೊಂಡೆ."

ಡಾಕ್ಟರ ಬಳಿ ಕರೆದೊಯ್ದವನು ಅನಂತ್. ಡ್ಯಾಡಿ ದಿನಾ ನುಂಗುತ್ತಿದ್ದುದನ್ನು ಮಮ್ಮಿ ಬಿಪಿ ಮಾತ್ರೆ ಎಂದುಕೊಂಡದ್ದೂ ಆ ಕಾಯಿಲೆಯ ಔಷಧವೇ. ತಿಂಗಳಿಗೊಮ್ಮೆ ಅವರನ್ನು ಅವರ ಕಾರಿನಲ್ಲೇ ಸುತ್ತಾಡಿಸುತ್ತಾ, ಮಗಳ ಬಗ್ಗೆ ಅವರು ಹೊಡೆಯುತ್ತಿದ್ದ ಹರಟೆಯನ್ನೆಲ್ಲ ಕೇಳುತ್ತಿದ್ದವನೂ ಅವನೇ. ಶುಂಠಿಯ ವಿಷಯ ಸೇರಿ!

ಹಿಲ್ಡಾಳ ಕಣ್ಣು ತುಂಬಿ ಬಂತು.

"ಡ್ಯಾಡಿ, ಆ ರಾತ್ರಿ ನಾನು ಬೀಗ ಹಾಕಿರ್ಲಿಲ್ಲ. ನನ್ನಿಂದಾನೇ ಕಾರು ಹೋಯ್ತು ಅಂತ... ಏಳು ವರ್ಷ ಡ್ಯಾಡಿ! ಏಳು ವರ್ಷ!"

ಹ್ಯೂಬರ್ಟ್ ದಿಗ್ಭ್ರಾಂತರಾದರು. ಆಮೇಲೆ ಕಾರಿನಿಂದ ಇಳಿದು, ಮಗುವಿನಂತೆ ಅಳುತ್ತಾ ಮಗಳನ್ನು ತಬ್ಬಿಕೊಂಡರು. "ನಿನ್ನ ಕಾಪಾಡೋಕೆ ಹೋಗಿ ನಿನ್ನ ತಲೆ ಮೇಲೇ ಕಲ್ಲು ಹೊರಿಸಿದೆನಲ್ಲ... ಕ್ಷಮಿಸು, ಬಾಯೆ..."

ಅವಳಿಗೆ ತಕ್ಷಣ ಕ್ಷಮಿಸಲಾಗಲಿಲ್ಲ. ಆದರೆ ಅಪ್ಪನನ್ನು ಹಿಡಿದ ಕೈ ಸಡಿಲಿಸಲೂ ಇಲ್ಲ.

ಬಹಳ ಹೊತ್ತಿನ ನಂತರ ಹ್ಯೂಬರ್ಟ್ ಮೂಗು ಒರೆಸಿಕೊಂಡು, ಸುಟ್ಟ ಜೋಳ ಕೊಳ್ಳುವ ನೆಪದಲ್ಲಿ ರಸ್ತೆ ದಾಟಿದರು.

"ನಿಮ್ಮನ್ನ ಕಳ್ಳ ಅಂದೆ," ಎಂದಳು ಹಿಲ್ಡಾ.

"ದಿನಕ್ಕೆ ಎರಡು ಸಲ."

"ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ!"

"ಅವರಿಗೆ ಕೊಟ್ಟ ಮಾತು ಮುರಿದು ನಿಮ್ಮ ಪ್ರೀತಿ ಗಿಟ್ಟಿಸಿಕೊಂಡಿದ್ರೆ, ನಾಳೆ ನಾನು ನಿಮಗೆ ಕೊಡೋ ಮಾತನ್ನ ನೀವು ನಂಬ್ತಿದ್ರಾ?"

ಪ್ರೀತಿ... ಬಾಯಿ ತಪ್ಪಿ ಬಂದ ಆ ಪದಕ್ಕೆ ಇಬ್ಬರೂ ಬೆಚ್ಚಿದರು.

"ಅನಂತ್, ಡ್ಯಾಡಿಯ ಕಾಯಿಲೆ ಗೊತ್ತಿದ್ದೂ?"

"ಆ ಕಾಯಿಲೆ ಮೊದಲ ಭೇಟೀಲೇ ನನ್ನ ಪ್ರಾಣ ತೆಗೀತಿತ್ತು, ಹಿಲ್ಡಾ. ಈಗ ಏಳು ವರ್ಷದ ಪರಿಚಯ. ಇನ್ನು ಅದಕ್ಕೆ ಯಾಕೆ ಹೆದರಲಿ? ನಂಗೆ ಭಯ ಇದ್ದಿದ್ದು ಒಂದೇ. ನಿಜ ಗೊತ್ತಾದ ದಿನ ನೀವು ನನ್ನ ಮುಖಾನೂ ನೋಡಲ್ವೇನೋ ಅಂತ."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಹ್ಯೂಬರ್ಟ್ ಮೂರು ಜೋಳದ ತೆನೆ ಹಿಡಿದು ಬಂದರು. "ಇವತ್ತೇ ಮನೆಗೆ ಹೋಗಿ ಫಿಲೋಮಿನಾಗೆ ಕಾರಿನ ವಿಷಯ ಹೇಳಿಬಿಡ್ತೀನಿ," ಎಂದರು ಸಣ್ಣ ದನಿಯಲ್ಲಿ.

"ಬೇಡ ಡ್ಯಾಡಿ. ಮೊದಲು ಅನಂತ್ ವಿಷಯ ಹೇಳೋಣ. ಹಿಂದೂ ಹುಡುಗ ಅಂತ ಮಮ್ಮಿ ಎಷ್ಟು ಕೂಗಾಡ್ತಾರೆ ಅಂದ್ರೆ, ಕಾರಿನ ವಿಷಯಕ್ಕೆ ಉಸಿರೇ ಉಳಿದಿರಲ್ಲ."

ಅನಂತ್‌ನ ಕೈಯಿಂದ ಜೋಳ ಜಾರಿತು.

"ಹಿಲ್ಡಾ... ಅಂದ್ರೆ, ಹೂಂ ಅಂತಾನಾ?"

"ಹೂಂ ಅಂತಾನೇ."