ತಮ್ಮ ತಂದ ಕಂದು ಕುದುರೆ

ಗುಲಸಾನಳ ಮದುವೆಗೆ ಮೂರೇ ದಿನ ಉಳಿದಿತ್ತು. ಆ ಬೆಳಿಗ್ಗೆ ಅವಳು ಬುರ್ಮಾಕಾನ್ ಅಪಾಳ ಮನೆಗೆ ಬಂದು ಅತ್ತ ರಭಸಕ್ಕೆ ನಾರಿನ್ ಹೊಳೆ ಒಂದು ಮೊಳ ಏರಿತು. ಸುಳ್ಳಲ್ಲ, ನಾನೇ ಅಳೆದೆ. ಅಪಾ ನಲವತ್ತು ವರ್ಷ ಊರಿನ ಹುಟ್ಟು ಸಾವು ಬರೆದ ಮುದುಕಿ. ಕಳೆದ ಕುರಿಯಿಂದ ಹಿಡಿದು ಕೊಲೆಯವರೆಗೆ ಅವಳು ಬಿಡಿಸದ ಒಗಟಿಲ್ಲ. ನಾನು ತೊಲೊಬೈ, ಅವಳ ಸಾರಥಿ. ಅವಳ ಕೀರ್ತಿಗೆ ಅರ್ಧ ಕಾರಣ ನಾನು, ಇನ್ನರ್ಧ ನನ್ನ ಕಾರು.

"ಏನಾಯ್ತೇ? ನನ್ನ ಒಲೆ ಆರಿಸೋ ಹಾಗೆ ಅಳ್ತೀಯಲ್ಲ!" ಎಂದಳು ಅಪಾ.

"ಮದ್ವೆ ನಿಲ್ಲಿಸ್ತಾರಂತೆ ಅಪಾ. ವಂಶಾವಳಿ ಬರೆಯೋಕೆ ಅಂತ ತುರ್ಗುನ್ ಮೇಷ್ಟ್ರು ಸಮಾಧಿ ಪುಸ್ತಕ ತೆಗೆದ್ರೆ, ನನ್ನ ಹುಡುಗ ಎರ್ಮೆಕ್‌ನ ಮುತ್ತಾತನ ಅಪ್ಪ ಇಸಾಬೆಕ್‌ಗೆ ನಮ್ಮ ದಾನಿಯಾರ್ ತಾತ ತಮ್ಮ ಅಂತ ಬರ್ದಿದೆ!"

ಏಳು ತಲೆಮಾರಿನೊಳಗೆ ರಕ್ತ ಸೇರಿದರೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ.

"ಎರಡೂ ಮನೆಯೋರು ಇಸಾಬೆಕೊವ್‌ಗಳೇ ತಾನೇ? ಮೊದ್ಲೇ ಹೊಳೀಲಿಲ್ವಾ?" ಎಂದೆ.

"ಈ ಊರಲ್ಲಿ ಕಲ್ಲೆಸೆದರೆ ಬೀಳೋದೇ ಇಸಾಬೆಕೊವ್ ತಲೆ ಮೇಲೆ. ನಿನ್ನ ತಲೆಯೂ ಅದೇ. ಸುಮ್ನೆ ಗಾಡಿ ತೆಗಿ," ಎಂದಳು ಅಪಾ.

ಗಾಳಿಗಿಂತ ಮೊದಲು ನಾವು ಸ್ಮಶಾನ ಮುಟ್ಟಿದೆವು. ಅಲ್ಲಿ ಗುಂಡಿ ತೋಡುವ ಕಾವಲುಗಾರ ಸಾದಿರ್ ಪೆಟ್ಟಿಗೆಯಿಂದ ಪುಸ್ತಕ ತೆಗೆದುಕೊಟ್ಟ. ಪುಸ್ತಕವೆಲ್ಲ ಹಳೆಯ ಅರಬ್ಬಿ ಅಕ್ಷರ. ಊರಲ್ಲಿ ಅದನ್ನು ಓದಿ ಬರೆಯಬಲ್ಲವರು ಅಪಾ, ಮೇಷ್ಟ್ರು, ಸಾದಿರ್ ಮೂವರೇ. ಅಪಾ ಗಟ್ಟಿಯಾಗಿ ಓದಿದಳು: "ಇಸಾಬೆಕ್ ಮಣ್ಣಾದ. ಬಾಗಿಲಲ್ಲಿ ಅತ್ತವರು ಇಬ್ಬರು ಮಕ್ಕಳು. ಬಂದವರು, ತಮ್ಮ ದಾನಿಯಾರ್, ಕಂದು ಕುದುರೆ ತಂದ."

ಕಾಗದ ಉಳಿದ ಹಾಳೆಗಳಷ್ಟೇ ಹಳದಿ. ಅಪಾ ಪುಟ ತಿರುವುತ್ತ ಎರ್ಮೆಕ್‌ನ ತಾತ ಜೆಕ್ಷೆನ್‌ನ ಅಪ್ಪನ ಸಾವಿಗೆ ಬಂದು ನಿಂತಳು. "ಬಾಗಿಲಲ್ಲಿ ಅತ್ತವನು ಮಗ ಜೆಕ್ಷೆನ್. ಬಂದವರು, ಕುಂಬಾರ ಅಸೆಲ್‌ಬೆಕ್, ಕುರಿ. ಸಾದಿರ್, ಕುದುರೆ. ಮೇಷ್ಟ್ರು, ಸಕ್ಕರೆ..." ನಾನು ಆಕಳಿಸಿದ ಸದ್ದಿಗೆ ಹದ್ದುಗಳು ಹಾರಿದವು.

"ಪುಸ್ತಕ ಯಾರ್ಯಾರ ಕೈಗೆ ಹೋಗಿತ್ತು?" ಅಪಾ ಕೇಳಿದಳು.

"ಮೇಷ್ಟ್ರು ಒಯ್ದ್ರು. ವಾಪಸ್ ತಂದದ್ದು ಹುಡುಗಿಯ ದೊಡ್ಡಮ್ಮ ಬಾತ್ಮಾ," ಎಂದ ಸಾದಿರ್.

ನನಗೆ ಅಲ್ಲೇ ಎಲ್ಲ ಹೊಳೆಯಿತು. ಬಾತ್ಮಾಳಿಗೆ ಹುಡುಗಿಯನ್ನು ಕಟುಕನ ಮಗನಿಗೆ ಕೊಡುವ ಆಸೆ. ಜೆಕ್ಷೆನ್ ಮೇಷ್ಟ್ರ ವಂಶಾವಳಿಯನ್ನು ಕತ್ತೆಯ ಮೇವು ಎಂದು ಊರೆದುರು ಹಂಗಿಸಿದ್ದ. ಇಬ್ಬರೂ ಕಳ್ಳರೇ ಎಂದು ನಾನು ತೀರ್ಪು ಕೊಟ್ಟೆ. ಅಪಾ ನನಗೆ ಒಂದು ಒಣ ಜರ್ದಾಳು ಹಣ್ಣು ಕೊಟ್ಟು ಬಾಯಿ ಮುಚ್ಚಿಸಿದಳು.

ಮರುದಿನ ಮಧ್ಯಾಹ್ನ ಎಲ್ಲರೂ ಜೆಕ್ಷೆನ್‌ನ ಮನೆಯಲ್ಲಿ ಸೇರಿದರು.

"ಮೊದ್ಲು ಹೆಸರಿನ ಕತೆ," ಎಂದಳು ಅಪಾ. "ಸರ್ಕಾರ ಊರೋರಿಗೆಲ್ಲ ಗುರುತಿನ ಪಾಸ್‌ಪೋರ್ಟ್ ಕೊಟ್ಟ ವರ್ಷ ಬರೆಯೋಕೆ ಕೂತಿದ್ದು ನಮ್ಮಪ್ಪ. ಊಟಕ್ಕೆ ಹೊತ್ತಾಗಿತ್ತು. ಬಾವಿ ಹತ್ರ ನಿಂತಿದ್ದ ನಲವತ್ತು ಮನೆಗೂ ಇಸಾಬೆಕ್‌ನ ಹೆಸರೇ ಹಚ್ಚಿ ಎದ್ದುಬಿಟ್ಟ. ಹೆಸರು ಒಂದೇ, ರಕ್ತ ನಲವತ್ತು."

"ಹಾಗಾದ್ರೆ ಪುಸ್ತಕದಲ್ಲಿರೋ ತಮ್ಮ?" ಜೆಕ್ಷೆನ್ ಗುಡುಗಿದ.

"ತೊಲೊಬೈ, ನಿಮ್ಮಣ್ಣ ಸತ್ತಾಗ ಎಲ್ಲಿದ್ದೆಯೋ?"

"ಗುಡಾರದ ಬಾಗಿಲಲ್ಲೇ ಅಪಾ. ನಡುಪಟ್ಟಿ ಬಿಗಿದು, ಕೋಲಿಗೆ ಒರಗಿ ಅತ್ತೆ. ನನ್ನ ಅಳುವಿಗೆ ಬೆಟ್ಟದ ಹಿಮವೇ ಕುಸೀತು."

"ಕುದುರೆ ತಂದಿದ್ದೆಯಾ?"

"ಕುದುರೆ ತರೋರು ಹೊರಗಿನೋರಲ್ವಾ! ಒಡಹುಟ್ಟಿದೋನು ಯಾಕೆ ತರ್ತಾನೆ?"

"ಅಷ್ಟೇ. ದಾನಿಯಾರ್ ಬಂದದ್ದು ಅತಿಥಿಯಾಗಿ. ಯಾರೋ ಹಳೇ ಪುಟ ಕಿತ್ತು, ಅದೇ ಪುಸ್ತಕದ ಖಾಲಿ ಹಾಳೆಗೆ ನಕಲು ಮಾಡಿ, 'ಅತಿಥಿ' ಅನ್ನೋ ಕಡೆ 'ತಮ್ಮ' ಅಂತ ಬರೆದ್ರು. ಕುದುರೆ ಹಾಗೇ ಉಳೀತು. ಬಾತ್ಮಾ, ನಿನ್ ಹತ್ರ ಕೆಟ್ಟ ಬುದ್ಧಿ ಇದೆ, ಹಳೇ ಅಕ್ಷರ ಇಲ್ಲ. ಮೇಷ್ಟ್ರು ಅವರಪ್ಪ, ಅಣ್ಣ ಸತ್ತಾಗ ಇಬ್ರಿಗೂ ಬಾಗಿಲಲ್ಲಿ ನಿಂತೋರು. ಅವರಿಗಾದ್ರೆ ಆ ಕುದುರೆ ಕಣ್ಣಿಗೆ ಚುಚ್ತಿತ್ತು. ಸ್ವಂತ ರಕ್ತ ಕುದುರೆ ಹಿಡ್ಕೊಂಡು ಹೊರಗಿನವನ ಹಾಗೆ ಬರೋದು ಸಹಜ ಅನ್ಸೋದು, ಹಾಗೆ ಬಂದವನಿಗೆ ಮಾತ್ರ. ಅಲ್ವೇನೋ ಸಾದಿರ್?"

ಸಾದಿರ್ ನಿಲುವಂಗಿಯೊಳಗಿಂದ ಮಡಿಸಿದ ಹಳದಿ ಪುಟ ತೆಗೆದಿಟ್ಟ. "ಸತ್ತೋರ ಹೆಸರು ಸುಡೋಕೆ ಕೈ ಬರಲಿಲ್ಲ ಅಪಾ."

ಆಮೇಲೆ ಜೆಕ್ಷೆನ್‌ನ ಕಡೆ ತಿರುಗಿದ. "ನಮ್ಮಿಬ್ಬರ ಅಪ್ಪನ ಸಾವಿಗೆ ನಾನೂ ನಡುಪಟ್ಟಿ ಬಿಗಿದು ಬಂದಿದ್ದೆ. ನೀನು ಎಲ್ಲರೆದುರು ಬಿಚ್ಚಿಸಿದೆ. 'ಹಾದರಕ್ಕೆ ಹುಟ್ಟಿದೋನೆ, ಕುದುರೆ ಕಟ್ಟಿ ಹೊರಗೆ ಕೂತ್ಕೋ' ಅಂದೆ. ಇದ್ದ ರಕ್ತ ನೀನು ಅಳಿಸಿದೆ. ಇಲ್ಲದ ರಕ್ತ ನಾನು ನಿನ್ನ ಮೊಮ್ಮಗನಿಗೆ ಅಂಟಿಸಿದೆ."

"ಈ ಹುಡುಗಿ ನಿಂಗೇನು ಮಾಡಿದ್ಲೋ?" ಅಪಾ ಕೇಳಿದಳು.

ಸಾದಿರ್ ಮೊದಲ ಸಲ ತಲೆ ತಗ್ಗಿಸಿದ. "ಏನೂ ಇಲ್ಲ. ಹೋಗಮ್ಮ, ಮದ್ವೆ ಆಗು."

"ಪುಸ್ತಕ ಇಟ್ಟು ಊರು ಬಿಡು!" ಜೆಕ್ಷೆನ್ ಕಿರುಚಿದ.

"ಪುಸ್ತಕ ತಗೋ. ಸಲಿಕೆ ಕೊಡಲ್ಲ. ನಿನ್ನ ಗುಂಡಿ ತೋಡೋನು ನಾನೇ, ಅಣ್ಣಾ. ಆ ದಿನ ನಡುಪಟ್ಟಿ ಬಿಗಿದು ನಿನ್ನ ಬಾಗಿಲಲ್ಲಿ ನಿಲ್ಲೋನೂ ನಾನೇ. ಬಿಚ್ಚಿಸಬೇಕು ಅಂದ್ರೆ ನೀನೇ ಎದ್ದು ಬಾ."

ಮದುವೆ ನಡೆಯಿತು. ನಾನೊಬ್ಬನೇ ಒಂದಿಡೀ ಕುರಿ ಮುಗಿಸಿದೆ. ಜೆಕ್ಷೆನ್‌ಗೆ ಆಗ ಎಂಬತ್ತೊಂದು. ಈಗ ತೊಂಬತ್ತಾರು. ಪ್ರತಿ ಶುಕ್ರವಾರ ಸಾದಿರ್ ಸಲಿಕೆ ಹೆಗಲಿಗೇರಿಸಿ ಅವನ ಬೇಲಿಯಾಚೆ ನಿಂತು, "ಆರೋಗ್ಯನಾ, ಅಣ್ಣಾ?" ಎಂದು ವಿಚಾರಿಸುತ್ತಾನೆ. ಮುದುಕ ಕೆಮ್ಮನ್ನು ನುಂಗಿಕೊಂಡು ನೆಟ್ಟಗೆ ಕೂರುತ್ತಾನೆ. ಸಾಯಲು ಅವನಿಗೆ ಧೈರ್ಯವೇ ಸಾಲುತ್ತಿಲ್ಲ.