ಕಂಬಳಿಯಲ್ಲೆದ್ದ ನೆರಿಗೆ

ಚೌಡಾಪುರದವರು ಹೆಣ್ಣು ನೋಡಲು ಬರುವ ಮೊದಲೇ ಶಿವಕಾಂತಾ ತೀರ್ಮಾನಿಸಿಬಿಟ್ಟಿದ್ದಳು, ಒಲ್ಲೆ ಅನ್ನುವುದೆಂದು. ಈಗ ಮದುವೆಯೆಂದರೆ ಕಲಬುರಗಿಯ ತನ್ನ ಭೌತಶಾಸ್ತ್ರದ ಸಂಶೋಧನೆಗೆ ಎಳ್ಳುನೀರು ಬಿಟ್ಟಂತೆಯೇ. ಹಿಂದೆ ಬಂದ ವರಗಳೆಲ್ಲ "ಓದು ಸಾಕು" ಎಂದೇ ಹೇಳಿಹೋಗಿದ್ದರು.

ಯಡ್ರಾಮಿಯ ತಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಮಾಳಿಂಗಪ್ಪ ಮನೆದೇವರ ಕರಿಕಂಬಳಿ ಹಾಸಿ ಬಂದವರನ್ನು ಕೂರಿಸಿದ್ದ. ತೊಗರಿ ಬೆಳೆಯುವ ವರ ಗುರುಪಾದ ತಲೆಯೆತ್ತಿ, ಎದುರು ನಿಂತಿದ್ದ ಶಿವಕಾಂತಾಳನ್ನು ಕೇಳಿದ:

"ಏನ್ ಓದಾಕತ್ತೀರಿ?"

"ಕ್ವಾಂಟಮ್ ಫೀಲ್ಡ್ ರೀ." ಹೆದರಿ ಎದ್ದುಹೋಗಲಿ ಎಂದೇ ಹೇಳಿದಳು.

"ಅಂದ್ರ?"

ಅವನ ಕಣ್ಣಂಚಿನಲ್ಲೊಂದು ನಗು. ಗೇಲಿಯೆಂದು ಅವಳಿಗೆ ಸಿಟ್ಟು ಬಂತು. ಬಗ್ಗಿ ಕಂಬಳಿಯನ್ನು ಚಿವುಟಿ ಎತ್ತಿಯೇಬಿಟ್ಟಳು.

"ದೇವರ ಕಂಬಳಿ ಬೇ!" ಸೋದರತ್ತೆ ಸಾಬಮ್ಮ ಗದರಿದಳು.

"ಲೋಕದ ತುಂಬ ಇಂಥಾದೊಂದು ಕಂಬಳಿ ಹಾಸೇದ ಅಂತ ತಿಳ್ಕೋರಿ. ಅದು ಫೀಲ್ಡ್. ನೇರ ಕಣ್ಣಿಗೆ ಬೀಳಂಗಿಲ್ಲ. ಅದರಾಗ ಎದ್ದ ಈ ನೆರಿಗಿ ಎಲೆಕ್ಟ್ರಾನು. ಮಷೀನಿಗೆ ಗುರ್ತು ಸಿಗೋದು ಇದರದ್ದು. ಅರ್ಧ ನೆರಿಗಿ ಏಳಂಗಿಲ್ಲ, ಎದ್ರ ಪೂರಾ ಒಂದು."

ಗುರುಪಾದ ತನ್ನ ಕಡೆಯ ಅಂಚಿನಲ್ಲಿ ಮೆಲ್ಲಗೆ ಇನ್ನೊಂದು ನೆರಿಗೆ ಎತ್ತಿದ. "ಹಂಗಾದ್ರ ಇದು?"

"ಅದೂ ಎಲೆಕ್ಟ್ರಾನೇ. ಎರಡಕ್ಕೂ ಕೂದಲೆಳಿ ಫರಕಿಲ್ಲ. ಕಂಬಳಿ ಒಂದೇ ಅಲ್ರಿ?"

"ಚೌಡಾಪುರದ್ದೂ ಯಡ್ರಾಮಿದ್ದೂ ಒಂದೇ ಕಂಬಳಿ ಅನ್ರಿ!"

"ಹೌದ್ರಿ," ಎಂದವಳ ಕೆನ್ನೆ ಬಿಸಿಯಾಯಿತು. ಸಾಬಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಅವನ ನಗು ಈಗ ಮಾಯವಾಗಿತ್ತು. "ಕಾಣದಿದ್ರ, ಅದು ಅದ ಅಂತ ಹೆಂಗ ನಂಬೋದ್ರಿ?"

"ಬರೇ ನಂಬಿಕಿ ಅಲ್ರಿ. ಕಂಬಳಿ ಹಿಂಗಿದ್ರ ನೆರಿಗಿ ಹಿಂಗ ಏಳಬೇಕು ಅಂತ ಮೊದಲೇ ಲೆಕ್ಕ ಹಾಕ್ತೀವಿ. ಆಮ್ಯಾಲ ನೋಡಿದ್ರ, ಹಂಗೇ ಎದ್ದಿರ್ತಾವ."

ಅವನು ತಲೆದೂಗಿದ. ಶಿವಕಾಂತಾಗೆ ಎದೆ ತುಂಬಿ ಬಂತು. ಇಷ್ಟು ವರ್ಷ ಮನೆಯಲ್ಲಾಗಲಿ ಊರಲ್ಲಾಗಲಿ ಅವಳ ಓದಿನ ಬಗ್ಗೆ ಎರಡನೆಯ ಪ್ರಶ್ನೆ ಕೇಳಿದವರೇ ಇರಲಿಲ್ಲ. ಅವನ ಮೊದಲಿನ ಆ ನಗು ಗೇಲಿಯದಲ್ಲ, ತಿಳಿಯದ್ದನ್ನು ಕೇಳುವವನ ಖುಷಿ. ಕೇಳುವವನೊಬ್ಬನನ್ನು ಕಳಿಸಿದೆಯಲ್ಲ ತಂದೆ, ಎಂದು ಮನೆದೇವರಿಗೆ ಒಳಗೊಳಗೇ ಕೈಮುಗಿದಳು.

ಆದರೂ ಹೇಳಲೇಬೇಕಿತ್ತು. "ನಾ ಓದು ಬಿಡಂಗಿಲ್ರಿ."

ಹಿರಿಯರು ಗುರುಪಾದನ ಮುಖ ನೋಡಿದರು.

"ಬಿಡಬ್ಯಾಡ್ರಿ," ಎಂದ ಅವನು. "ನನಗ ತಿಳದದ್ದು ಪಾವು ಭಾಗ ಅಷ್ಟೇ. ನೀವು ಬಿಟ್ರ ಉಳಿದ ಮುಕ್ಕಾಲು ನಾ ಯಾರಿಗೆ ಕೇಳ್ಲಿ? ಓದು ಮುಗೀಲಿ, ಅಕ್ಷತಿ ಆಮ್ಯಾಲ."

ಮಾಳಿಂಗಪ್ಪನ ಕಣ್ಣು ಒದ್ದೆಯಾಯಿತು. ಶಿವಕಾಂತಾ ಮೊದಲ ಬಾರಿ ನೇರವಾಗಿ ಅವನ ಕಣ್ಣನ್ನೇ ನೋಡಿದಳು.

"ಐತವಾರ ಬರ್ರಿ," ಎಂದಳು. "ಉಳಿದ ಮುಕ್ಕಾಲು ಹೇಳ್ತೇನಿ."