ಗುಬ್ಬಿ ಎಂಬ ಮೊಲ

"ಬಿಡ್ರೀ!"

"ನೀವು ಬಿಡಿ!"

ಒಂದೇ ಒಂದು ಕಟ್ಟು ಮೂಲಂಗಿ ಸೊಪ್ಪು. ದಂಟಿನ ಕಡೆ ಅವಳ ಕೈ, ಎಲೆಯ ಕಡೆ ಅವನ ಕೈ. ಇಬ್ಬರೂ ಬಿಡುವ ಪೈಕಿ ಅಲ್ಲ.

ತರಕಾರಿ ಗಾಡಿಯ ಅಕ್ಕ ದಿನಾ ಸಂಜೆ ಮೂಲಂಗಿಯ ತಲೆ ಕತ್ತರಿಸಿ ಸೊಪ್ಪನ್ನು ಗಾಡಿಯ ಕೆಳಗಿನ ಬುಟ್ಟಿಗೆ ಎಸೆಯುತ್ತಿದ್ದಳು. ಕೇಳಿದವರಿಗೆ ಪುಕ್ಕಟೆ. ಇಷ್ಟು ದಿನ ಕೇಳುವವಳು ಒಬ್ಬಳೇ ಇದ್ದಳು. ಎದುರಿನ ಆಲ್ಟರೇಷನ್ ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡುವ, ಕೋಟು ಬಿಗಿ ಮಾಡುವ ನಮ್ಮ ಹುಡುಗಿ. ಇವತ್ತು ಎಲ್ಲಿಂದಲೋ ಇವನು ವಕ್ಕರಿಸಿದ್ದ!

'ಯಾರಪ್ಪಾ ಇವನು? ಹೆಬ್ಬೆರಳ ತುಂಬಾ ಒಣಗಿದ ಅಂಟು... ತೋಳಿನ ಮೇಲೆ ಕಾಗದದ ಚೂರು... ಓ, ಮೂಲೆಯ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಬೈಂಡರ್!'

"ನಾನು ಮೊದಲು ಹಿಡ್ಕೊಂಡಿದ್ದು," ಅವಳು ದಬಾಯಿಸಿದಳು.

"ನಾನು ಮೊದಲು ನೋಡಿದ್ದು."

"ನೋಡಿದ್ದೆಲ್ಲಾ ನಿಮ್ಮದಾಗತ್ತಾ?"

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. "ಆಗೋ ಹಾಗಿದ್ರೆ ಚೆನ್ನಾಗಿರ್ತಿತ್ತು," ಅಂದ.

ಅವಳ ಕಿವಿ ಬಿಸಿಯಾಯಿತು. ಆದರೂ ಸೊಪ್ಪು ಬಿಡಲಿಲ್ಲ.

"ಅಲ್ಲಾ, ಇದನ್ನ ತಗೊಂಡು ಏನ್ಮಾಡ್ತೀರಾ ನೀವು?" ಅವನು ಕೇಳಿದ.

ಅವಳು ತಟ್ಟನೆ ಅಂದಳು, "ಮೊಲಕ್ಕೆ! ನಮ್ಮನೇಲಿ ಮೊಲ ಇದೆ. ನಿಮಗ್ಯಾಕೆ?"

"ನಂಗೆ... ಮೇಕೆಗೆ," ಅವನು ತಡವರಿಸಿದ. "ನಮ್ಮನೇಲಿ ಮೇಕೆ ಇದೆ."

ಅಕ್ಕ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ಕಟ್ಟನ್ನು ಕಿತ್ತುಕೊಂಡು ಚಾಕುವಿನಿಂದ ನಡುವೆ ಕತ್ತರಿಸಿದಳು. "ಮೊಲಕ್ಕೆ ಅರ್ಧ, ಮೇಕೆಗೆ ಅರ್ಧ. ನಡೀರಿ, ಗಿರಾಕಿಗಳಿಗೆ ದಾರಿ ಬಿಡಿ."

"ಅಕ್ಕಾ, ಕೊಸರಿಗೆ ಎರಡು ಹಸಿಮೆಣಸಿನಕಾಯಿ..." ಅಭ್ಯಾಸಬಲದಿಂದ ಅವಳ ಬಾಯಿಂದ ಬಂದುಬಿಟ್ಟಿತು.

"ನಂಗೂ ಎರಡು," ಅಂದ ಅವನು.

ಅಕ್ಕ ಮೆಣಸಿನಕಾಯಿ ಕೊಡುವಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಅಷ್ಟೇ.

ನಿಜ ಹೇಳಬೇಕೆಂದರೆ ನಮ್ಮ ಹುಡುಗಿಯ ಮನೆಯಲ್ಲಿ ಮೊಲವಿರಲಿ, ಮೊಲದ ಚಿತ್ರ ಕೂಡ ಇರಲಿಲ್ಲ. ಸೊಪ್ಪು ತಿನ್ನುತ್ತಿದ್ದವಳು ಅವಳೇ!

ಅವಳು ಬಡವಿಯಲ್ಲ, ಜಿಪುಣಿಯೂ ಅಲ್ಲ. ಅದೊಂದು ಹುಚ್ಚು. ಆಲೂಗಡ್ಡೆ ಸಿಪ್ಪೆಯನ್ನು ತೊಳೆದು, ಒರೆಸಿ, ಗರಿಗರಿಯಾಗಿ ಹುರಿದು, ಉಪ್ಪು ಮೆಣಸು ಉದುರಿಸಿದರೆ... ಆಹಾ! ಹೂಕೋಸಿನ ದಂಟು, ಬಟಾಣಿಯ ಸಿಪ್ಪೆ, ಮೊನ್ನೆಯ ಬ್ರೆಡ್ಡು, ಯಾವುದೂ ಅವಳ ಕೈಗೆ ಸಿಕ್ಕಿ ದಂಡವಾದದ್ದಿಲ್ಲ. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪನ್ನು ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನುವಾಗ ಕೊನೆಯ ಬಿಸಿಲು ಪಾದದ ಮೇಲೆ ಬಿದ್ದಿದ್ದರೆ ಸಾಕು. ಅವಳಿಗೆ ಪ್ರಪಂಚದಲ್ಲಿ ಇನ್ನೇನೂ ಬೇಕಾಗಿರಲಿಲ್ಲ.

ಅಂಥವಳು ಸುಳ್ಳು ಯಾಕೆ ಹೇಳಿದಳು?

ಎರಡು ವರ್ಷದ ಹಿಂದೆ ಒಬ್ಬ ಮ್ಯಾನೇಜರ್ ಜೊತೆ ಅವಳ ಮದುವೆಯ ಮಾತು ನಡೆದಿತ್ತು. ಅವನನ್ನು ಮನೆಗೆ ಊಟಕ್ಕೆ ಕರೆದಿದ್ದರು. ಅವನು ಎರಡು ಸಲ ಹಾಕಿಸಿಕೊಂಡು, ಚಪ್ಪರಿಸಿ ತಿಂದ. ಇವಳು ಖುಷಿಯಿಂದ ಹಿಗ್ಗಿ, "ಇದು ಆಲೂಗಡ್ಡೆ ಸಿಪ್ಪೆ! ಅದು ಮೂಲಂಗಿ ಸೊಪ್ಪು, ಎಲ್ಲರೂ ಎಸೀತಾರಲ್ಲಾ, ಅದೇ!" ಅಂದುಬಿಟ್ಟಳು. ಮ್ಯಾನೇಜರ್ ಚಮಚ ಕೆಳಗಿಟ್ಟ.

ಮಾರನೆಯ ದಿನ ಮಾತು ಬಂತು. 'ಹುಡುಗಿ ಏನೋ ಲಕ್ಷಣವಾಗಿದ್ದಾಳೆ. ಆದ್ರೆ ದನಕ್ಕೆ ಹಾಕೋದನ್ನ ಮನುಷ್ಯರಿಗೆ ಬಡಿಸ್ತಾಳೆ.'

ಆ ಮಾತು ಅವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕೂತುಬಿಟ್ಟಿತು. ಅಂದಿನಿಂದ ಅವಳ ಮನೆಯಲ್ಲಿ ಒಂದು ಮೊಲ ಹುಟ್ಟಿಕೊಂಡಿತು.

ಸೊಪ್ಪಿನ ಜಗಳವಾದ ಮಾರನೆಯ ಸಂಜೆಯೂ ಬೈಂಡರ್ ಬಂದ. ಅದರ ಮಾರನೆಯ ಸಂಜೆಯೂ ಬಂದ. ಅಕ್ಕ ದಿನಾ ಕಟ್ಟನ್ನು ಅರ್ಧ ಮಾಡುವಳು, ಇಬ್ಬರೂ ಬೀದಿಯ ಕೊನೆಯವರೆಗೆ ಜೊತೆಗೆ ನಡೆಯುವರು.

"ನಿಮ್ಮ ಮೊಲದ ಹೆಸರೇನು?" ಒಂದು ದಿನ ಕೇಳಿದ.

ಹೆಸರು! ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. "ಗು... ಗುಬ್ಬಿ!"

"ಮೊಲಕ್ಕೆ ಗುಬ್ಬಿ ಅಂತ ಹೆಸರಾ?"

"ಯಾಕೆ, ಇಡಬಾರದಾ?" ಅಂದಳು ಜೋರಾಗಿ. ಒಳಗೊಳಗೇ ಹಣೆ ಚಚ್ಚಿಕೊಂಡಳು. ಗುಬ್ಬಿ ಅನ್ನುವುದು ಅಮ್ಮ ಅವಳನ್ನೇ ಕರೆಯುವ ಮುದ್ದಿನ ಹೆಸರು!

"ನಿಮ್ಮ ಮೇಕೆ ಹೆಸರು?" ಮಾತು ಮರೆಸಲು ಕೇಳಿದಳು.

"ಮುದುಕಿ ಅಂತೀನಿ. ಹಲ್ಲೆಲ್ಲಾ ಬಿದ್ದೋಗಿದೆ, ಪಾಪ. ಸೊಪ್ಪನ್ನ ನುಣ್ಣಗೆ ಬೇಯಿಸಿ ಕೊಡ್ಬೇಕು."

"ಮೇಕೆಗೆ ಬೇಯಿಸಿ ಕೊಡ್ತೀರಾ?"

"ಉಪ್ಪು ಕಮ್ಮಿ ಆದ್ರೆ ತಟ್ಟೆ ತಳ್ಳಿಬಿಡುತ್ತೆ!"

"ಪಾಪ!" ಅಂದಳು ಅವಳು ಮನಸಾರೆ. ಸುಳ್ಳು ಹೇಳುವವರಿಗೆ ಇನ್ನೊಬ್ಬರ ಸುಳ್ಳು ಕಾಣುವುದೇ ಇಲ್ಲ, ನೋಡಿ. ತಮ್ಮದನ್ನು ಕಾಯುವುದರಲ್ಲೇ ಹೊತ್ತು ಹೋಗುತ್ತದೆ.

ಆಮೇಲೆ ಶುರುವಾಯಿತು ಅವಳ ಫಜೀತಿ.

"ಗುಬ್ಬಿ ಊಟ ಮಾಡಿದ್ಲಾ?"

"ಹೂಂ... ಮಾಡಿದ್ಲು."

"ನಿನ್ನೆ ಚಳಿ ಇತ್ತು. ಗುಬ್ಬಿಗೆ ಹೊದಿಸಿದ್ರಾ?"

"ಹೊ... ಹೊದ್ಕೊಂಡ್ಲು."

"ಕಿವಿ ಹಿಂದೆ ಮೆಲ್ಲಗೆ ಸವರಿದ್ರೆ ಗುಬ್ಬಿಗೆ ಇಷ್ಟ ಆಗುತ್ತಾ?"

"ಗೊತ್ತಿಲ್ಲ! ಯಾರೂ ಸವರಿಲ್ಲ!" ಎಂದು ಕಿರುಚಿ, ಕೆಂಪೇರಿದ ಮುಖ ಹೊತ್ತು ಮನೆಗೆ ಓಡಿದಳು.

ಅವನು ಗುಬ್ಬಿಯನ್ನು ಅಷ್ಟು ಅಕ್ಕರೆಯಿಂದ ವಿಚಾರಿಸುವಾಗ ಅವಳಿಗೆ ಗುಬ್ಬಿಯ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು! ಪ್ರೀತಿ ಹುಟ್ಟಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

"ಈ ಭಾನುವಾರ ಗುಬ್ಬಿನ ನೋಡೋಕೆ ಬರ್ಲಾ?"

"ಬೇಡ! ಅವಳಿಗೆ ನೆಗಡಿ."

"ಮುಂದಿನ ಭಾನುವಾರ?"

"ಅವಳಿಗೆ... ಗಂಡಸರು ಅಂದ್ರೆ ಆಗಲ್ಲ."

ಅವನ ಮುಖ ಬಾಡಿತು. "ಯಾಕೆ? ಯಾರಾದ್ರೂ ನೋಯಿಸಿದ್ರಾ ಅವಳನ್ನ?"

ಅವಳ ಹೆಜ್ಜೆ ನಿಂತಿತು. ಯಾರೂ ಇದುವರೆಗೆ ಕೇಳದ ಪ್ರಶ್ನೆ ಅದು.

"ಹೂಂ," ಅಂದಳು ಸಣ್ಣ ದನಿಯಲ್ಲಿ. "ಒಬ್ಬ. ಅವಳು ಪ್ರೀತಿಯಿಂದ ಕೊಟ್ಟಿದ್ದನ್ನ ತಿಂದು, ಆಮೇಲೆ ಅಸಹ್ಯ ಪಟ್ಕೊಂಡ."

"ಎಂಥಾ ಮನುಷ್ಯ ಇರ್ಬೇಕು ಅವನು!" ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತು. ಮೊಲ ಏನು ಕೊಟ್ಟಿತು, ಅವನು ಏನು ತಿಂದ ಎಂದು ಕೇಳುವುದನ್ನೂ ಮರೆತ. "ನಮ್ಮ ಗುಬ್ಬಿಯಂಥವಳನ್ನ ನೋಯಿಸೋಕೆ ಮನಸ್ಸು ಹೇಗೆ ಬಂತು?"

ನಮ್ಮ ಗುಬ್ಬಿ... ಅವಳಿಗೆ ಕಣ್ಣು ತುಂಬಿ ಬಂತು. 'ಹೇಳಿಬಿಡ್ತೀನಿ. ಸೋಮವಾರ ಎಲ್ಲಾ ಹೇಳಿಬಿಡ್ತೀನಿ. ಆದ್ರೆ ಇವರೂ ಚಮಚ ಕೆಳಗಿಟ್ರೆ...? ದೇವರೇ, ಇವರನ್ನ ಕಳ್ಕೊಂಡ್ರೆ ನಾನು ಹೇಗಿರ್ಲಿ?'

ಸೋಮವಾರ ಬರುವ ಮೊದಲು ಭಾನುವಾರ ಬಂತು. ಅದರ ಜೊತೆ ಬೈಂಡರ್ ಕೂಡ ಬಂದ. ಮನೆ ತೋರಿಸಿಕೊಟ್ಟವಳು ತರಕಾರಿ ಅಕ್ಕ.

ಅವನ ಕೈಯಲ್ಲಿ ದಪ್ಪ ರಟ್ಟಿನಿಂದ ಮಾಡಿದ ಪುಟ್ಟ ಮನೆಯಿತ್ತು. ಹೊರಗೆಲ್ಲಾ ಬೈಂಡಿಂಗಿಗೆ ಅಂಟಿಸುವ ಹಸಿರು ಕ್ಯಾಲಿಕೋ ಬಟ್ಟೆ, ಎರಡು ಕಿಟಕಿ, ಪುಸ್ತಕದ ರಟ್ಟಿನ ಹಾಗೆ ತೆರೆದು ಮುಚ್ಚುವ ಬಾಗಿಲು. ಬಾಗಿಲ ಮೇಲೆ, ದೊಡ್ಡ ದೊಡ್ಡ ಗ್ರಂಥಗಳಿಗೆ ಒತ್ತುವ ಬಂಗಾರದ ಅಕ್ಷರಗಳಲ್ಲಿ 'ಗುಬ್ಬಿ'.

"ಗುಬ್ಬಿಗೆ ಇದನ್ನ ಕೊಡ್ಬೇಕಿತ್ತು," ಅಂದ ಬಾಗಿಲು ತೆಗೆದ ಅಮ್ಮನಿಗೆ.

ಅಮ್ಮ ಹಿತ್ತಲ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದಳು. "ಗುಬ್ಬೀ! ಏ ಗುಬ್ಬೀ! ಯಾರೋ ನಿಂಗೆ ಮನೆ ಕಟ್ಕೊಂಡು ಬಂದಿದಾರೆ ಕಣೇ!"

ಹಿತ್ತಲ ಮೆಟ್ಟಿಲ ಮೇಲೆ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಬಾಯಿ ತುಂಬಾ ಸೊಪ್ಪು ತುಂಬಿಕೊಂಡಿದ್ದ ನಮ್ಮ ಹುಡುಗಿ ತಿರುಗಿ ನೋಡಿದಳು. ತುಟಿಯ ಅಂಚಿನಲ್ಲಿ ಒಂದು ಎಲೆ ನೇತಾಡುತ್ತಿತ್ತು.

"ನೀವು... ಗುಬ್ಬೀನಾ?" ಅವನ ಕಣ್ಣು ಅಗಲವಾದವು. "ಹಾಗಾದ್ರೆ ಮೊಲ?"

"ಮೊಲಾನಾ?" ಅಮ್ಮನಿಗೆ ಆಶ್ಚರ್ಯ. "ನಮ್ಮನೇಲಿ ಸೊಪ್ಪು ಮೇಯೋಳು ಇವಳೊಬ್ಬಳೇ ಕಣಪ್ಪಾ!"

ಅವನು ನಕ್ಕ. ತಡೆಯಲಾರದೆ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ!

ಅವಳಿಗೆ ಮಾತ್ರ ಆ ನಗುವಿನಲ್ಲಿ ಹಳೆಯ ಚಮಚದ ಸದ್ದು ಕೇಳಿಸಿತು. 'ದನಕ್ಕೆ ಹಾಕೋದನ್ನ...' ತಟ್ಟೆ ಬಿಟ್ಟು ಎದ್ದು, ಅಡುಗೆಮನೆಗೆ ನುಗ್ಗಿ ಚಿಲಕ ಹಾಕಿಕೊಂಡಳು.

"ಒಂದ್ನಿಮಿಷ ಕೇಳಿ! ನಮ್ಮನೇಲೂ..." ಅವನು ಬಾಗಿಲು ಬಡಿಯುತ್ತಲೇ ಇದ್ದ. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು. ಮುಂದಿನದು ಕೇಳಿಸಲಿಲ್ಲ.

ಆಮೇಲೆ ಐದು ದಿನ ಅವಳು ಅಂಗಡಿಯ ಹಿಂದಿನ ಗಲ್ಲಿಯಿಂದಲೇ ಓಡಾಡಿದಳು. ಬೇಕರಿಯ ಬನ್ನು ತಿಂದಳು.

"ಗುಬ್ಬೀ, ಆಲೂಗಡ್ಡೆ ಸಿಪ್ಪೆ ತೆಗೆದಿಟ್ಟಿದೀನಿ. ಹುರಿಯಲ್ವಾ?"

"ಬಿಸಾಕಮ್ಮಾ."

ಅಮ್ಮ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಆರನೆಯ ದಿನ ಆಲ್ಟರೇಷನ್ ಅಂಗಡಿಗೆ ಒಬ್ಬ ಅಜ್ಜಿ ಬಂದು, ಹಳೆಯ ಕೋಟೊಂದನ್ನು ಮೇಜಿನ ಮೇಲೆ ಹರಡಿದರು.

"ಕಾಲರ್ ಸವೆದಿದೆ. ತಿರುಗಿಸಿ ಹೊಲೀತೀಯಾ ಮಗಳೇ? ಹೊಸದು ತಗೋ ಅಂತ ಮಾತ್ರ ಹೇಳ್ಬೇಡ."

ಎಷ್ಟು ದುಃಖವಿದ್ದರೂ ಅವಳ ಮನಸ್ಸು ಬೆಚ್ಚಗಾಯಿತು. "ಯಾಕೆ ಹೊಸದು ಅಜ್ಜಿ? ಒಳಗಿನ ಬಟ್ಟೆ ಗಟ್ಟಿಯಾಗಿದೆ. ಇನ್ನೂ ಹತ್ತು ವರ್ಷ ಬರುತ್ತೆ."

"ನಾನು ಬರ್ತೀನೋ ಇಲ್ವೋ!" ಅಜ್ಜಿ ನಕ್ಕರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮತ್ತೆ ಮುಂದೆ ಬಾಗಿ, "ನೀನೇನಾ ಆ ಮೊಲ?" ಅಂದರು.

ಅವಳ ಕೈಯ ಕತ್ತರಿ ನಿಂತಿತು. "ನೀವು...?"

"ನಾನು ಮೇಕೆ."

ಅವಳು ಅಜ್ಜಿಯ ಬೊಚ್ಚು ಬಾಯನ್ನೇ ನೋಡಿದಳು.

"ಐದು ದಿನದಿಂದ ನಂಗೆ ಸೊಪ್ಪಿಲ್ಲ ಕಣೇ! ಮೊಮ್ಮಗ ದಿನಾ ಆ ಗಾಡಿ ಹತ್ರ ನಿಂತು, ನಿನ್ನ ಕಾದು, ಬರಿಗೈಲಿ ಬರ್ತಾನೆ. ಅರ್ಧ ಕಟ್ಟು ನಿಂದಂತೆ, ನೀನಿಲ್ದೆ ಮುಟ್ಟಲ್ವಂತೆ. ಗಂಜಿ ಕುಡಿದೂ ಕುಡಿದೂ ನಂಗೆ ಸಾಕಾಗಿದೆ. ನನ್ನ ಹೊಟ್ಟೆ ಮುಖ ನೋಡಿಯಾದ್ರೂ ರಾಜಿ ಮಾಡ್ಕೊಳ್ಳಿ. ಏ, ಒಳಗೆ ಬಾರೋ!"

ಬಾಗಿಲ ಮರೆಯಿಂದ ಬೈಂಡರ್ ಬಂದ. ಕೈಯಲ್ಲಿ ಸಣ್ಣ ಡಬ್ಬಿ. ಮುಖ ಸಪ್ಪಗೆ.

"ನಾನು ನಿಮ್ಮನ್ನ ನೋಡಿ ನಗ್ಲಿಲ್ಲ," ಒಂದೇ ಉಸಿರಿಗೆ ಶುರು ಮಾಡಿದ. "ಅವತ್ತು ನಮ್ಮನೇಲೂ ಒಲೆ ಮೇಲೆ ಅದೇ ಸೊಪ್ಪು ಬೇಯ್ತಾ ಇತ್ತು. ಎಸೆದಿದ್ದನ್ನ ಗಂಡಸು ಆಯ್ಕೊಂಡು ಹೋಗಿ ಅಡುಗೆ ಮಾಡ್ತಾನೆ ಅಂದ್ರೆ ಪ್ರೆಸ್ಸಲ್ಲಿ ಎಲ್ಲರೂ ಆಡ್ಕೊಳ್ತಾರೆ. ಅದಕ್ಕೇ ಮೇಕೆ ಅಂದೆ. ಆಮೇಲೆ... ನಿಮ್ಮ ಮೊಲ ತಿನ್ನೋದನ್ನೇ ನಾನೂ ತಿಂತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವಳು ತಲೆ ಎತ್ತಲಿಲ್ಲ. ಆದರೆ ತುಟಿ ಅದುರುತ್ತಿತ್ತು, ನಗುವಿಗೋ ಅಳುವಿಗೋ ಅವಳಿಗೇ ಗೊತ್ತಿರಲಿಲ್ಲ.

"ಅಕ್ಕನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಮೆಣಸಿನಕಾಯಿ ಕೇಳೋ ಮೊಲಾನ ಅವಳು ಎಲ್ಲೂ ನೋಡಿಲ್ವಂತೆ!"

ಈಗ ನಗು ಬಂದೇ ಬಿಟ್ಟಿತು.

ಅವನು ಡಬ್ಬಿ ತೆರೆದ. ಒಳಗೆ ಹುರಿದ ಆಲೂಗಡ್ಡೆ ಸಿಪ್ಪೆ. "ನಿಮ್ಮಮ್ಮ ಎಲ್ಲಾ ಹೇಳಿದ್ರು. ಆ ಮ್ಯಾನೇಜರ್ ವಿಷಯಾನೂ. ಐದು ಸಲ ಮಾಡಿದೆ. ಒಂದು ಸಲಾನೂ ಸರಿಯಾಗ್ಲಿಲ್ಲ."

ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು. ಒದ್ದೆ ಕಾಗದದ ಹಾಗಿತ್ತು. ಆದರೂ ಎರಡು ವರ್ಷದಿಂದ ಎದೆಯಲ್ಲಿದ್ದ ಸೂಜಿ ಆ ಕ್ಷಣಕ್ಕೆ ಕಿತ್ತು ಬಂತು.

"ಮೆತ್ತಗಾಗಿದೆ," ಅಂದಳು. "ತೊಳೆದ ಮೇಲೆ ಒರೆಸಿದ್ರಾ?"

"ಒರೆಸ್ಬೇಕಾ?"

"ಮತ್ತೆ!"

"ಕಲಿಸ್ಕೊಡಿ."

"ಒಂದು ದಿನದಲ್ಲಿ ಬರೋ ವಿದ್ಯೆ ಅಲ್ಲ ಇದು."

"ಜೀವನಪೂರ್ತಿ ಕಲೀತೀನಿ, ಗುಬ್ಬೀ."

ಮೊದಲ ಸಲ ಆ ಹೆಸರನ್ನು ಅವನು ಅವಳನ್ನೇ ನೋಡುತ್ತಾ ಕರೆದಿದ್ದ. ಅವಳ ಕಣ್ಣಿಂದ ಹನಿಯೊಂದು ಕೋಟಿನ ಕಾಲರಿನ ಮೇಲೆ ಬಿತ್ತು.

"ನನ್ನ ಕೋಟು ನೆನೀತಾ ಇದೆ," ಅಂದರು ಅಜ್ಜಿ.

ಅಂದು ಸಂಜೆ ಇಬ್ಬರೂ ಗಾಡಿಯ ಮುಂದೆ ನಿಂತರು. ಅಕ್ಕ ಮೂಲಂಗಿ ಸೊಪ್ಪಿನ ಕಟ್ಟು ತೆಗೆದು, ಎಂದಿನಂತೆ ಚಾಕು ಎತ್ತಿದಳು.

"ಕತ್ತರಿಸ್ಬೇಡ ಅಕ್ಕಾ," ಅಂದಳು ನಮ್ಮ ಹುಡುಗಿ. "ಇವತ್ತು ಎರಡೂ ಒಂದೇ ಒಲೆಗೆ."

ಅಕ್ಕ ಕೇಳದೆಯೇ ನಾಲ್ಕು ಮೆಣಸಿನಕಾಯಿ ಹಾಕಿದಳು.

ಬೀದಿಯ ಕೊನೆಯವರೆಗೆ ಇಬ್ಬರೂ ಜೊತೆಗೆ ನಡೆದರು. ಆಮೇಲೆ ಅವನು ಮೆಲ್ಲಗೆ ಕೇಳಿದ. "ಗುಬ್ಬಿಗೆ ಗಂಡಸರು ಅಂದ್ರೆ ಆಗಲ್ಲ ಅಂದಿದ್ರಿ..."

"ಒಬ್ಬರು ಪರವಾಗಿಲ್ವಂತೆ."

"ಹಾಗಾದ್ರೆ ಆ ಇನ್ನೊಂದು ಪ್ರಶ್ನೆ? ಕಿವಿ ಹಿಂದೆ ಮೆಲ್ಲಗೆ ಸವರಿದ್ರೆ ಇಷ್ಟ ಆಗುತ್ತಾ ಅಂತ ಕೇಳಿದ್ದೆ. ಉತ್ತರ ಬಂದಿಲ್ಲ."

ಅವಳು ಸೊಪ್ಪಿನ ಕಟ್ಟಿನಲ್ಲಿ ಮುಖ ಮುಚ್ಚಿಕೊಂಡಳು.

"ಮೊದಲು ಕೈಗೆ ಹತ್ತಿರೋ ಅಂಟು ತೊಳ್ಕೊಂಡು ಬನ್ನಿ."